ಪಟ್ಟಿಯಲ್ಲಿ ನಿನ್ನ ಹೆಸರು: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನಿನ್ನೆ ಸಂಜೆ ಸಿದ್ದಾಪುರದ ಕಡೆ ಕಾಫಿ ಹೂ ಅರಳಿಸೋ ಒಳ್ಳೆ ಹೂಮಳೆ ಬಿತ್ತು. ಇವತ್ತು ಬೆಳಿಗ್ಗೆ ಅಂಗನವಾಡಿ ಟೀಚರ್ ಬಂದಿದ್ದರು. ನಮ್ಮ ಬೂತಿನ ಬಿಎಲ್‌ಓ, ಅಂದರೆ ಮತದಾರರ ಪಟ್ಟಿ ನೋಡಿಕೊಳ್ಳೋರು, ಅವರೇ ಅಲ್ವಾ. ನಿನ್ನ ಹೆಸರು ಮತದಾರರ ಪಟ್ಟಿಗೆ ಸೇರಿತು ಅಂದರು. ಫೋನ್‌ನಲ್ಲಿ ಹೇಳಿ ಮುಗಿಸೋಕೆ ಮನಸ್ಸಾಗಲಿಲ್ಲ.

ನಿನಗೆ ಅಜ್ಜಿಯ ಹೆಸರನ್ನೇ ಇಟ್ಟಿದ್ದು. ಆ ಹೆಸರಿಗೆ ತೋಟದಲ್ಲಿ ಜಾಗ ಇರಲಿಲ್ಲ. ಚೆಕ್‌ರೋಲ್‌ನಲ್ಲಿ, ಅಂದರೆ ತೋಟದ ಹಾಜರಿ ಪುಸ್ತಕದಲ್ಲಿ, ಅವಳನ್ನು ತಾತನ ಹೆಂಡತಿ ಅಂತಲೇ ಬರೆಯುತ್ತಿದ್ದರು. ತೋಟದ ಗುಮಾಸ್ತ, ಆ ರೈಟರ್, ಹಾಜರಿ ಕೂಗುವಾಗಲೂ ಹಾಗೇ. ಕಾಫಿ ಕೊಯ್ದು ಮೂಟೆ ಹೊತ್ತವಳು ಅವಳು. ಕೂಲಿಯವರ ಸಾಲು ಮನೆಗಳಲ್ಲಿ, ಅಂದರೆ ಲೈನ್‌ಮನೆಯಲ್ಲಿ, ಎಲ್ಲ ಹೆಂಗಸರದ್ದೂ ಇದೇ ಪಾಡು, ಹಾಗಾಗಿ ಯಾರಿಗೂ ತಪ್ಪು ಅನಿಸುತ್ತಿರಲಿಲ್ಲ.

ದೇಶದ ಮೊದಲ ಚುನಾವಣೆಯಲ್ಲೂ, ಅಂದರೆ 1951-52ರಲ್ಲಿ, ಇದೇ ಆಗಿತ್ತು. ಪಟ್ಟಿ ಮಾಡಲು ಹೋದವರಿಗೆ ಎಷ್ಟೋ ಹೆಂಗಸರು ಇಂಥವರ ಹೆಂಡತಿ, ಇಂಥವರ ಮಗಳು ಅಂತ ಬರೆಸಿದರು. ಸ್ವಂತ ಹೆಸರೇ ಬೇಕು ಅಂತ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಪಟ್ಟು ಹಿಡಿದರು. ಹೆಸರು ಹೇಳದ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಮೊದಲ ಸಲ ಇದನ್ನು ಓದಿದಾಗ ನನಗೆ ತುಂಬಾ ಸಿಟ್ಟು ಬಂದಿತ್ತು. ಈಗ ಸೇನ್ ಅವರ ಆ ಹಟಕ್ಕೆ ಕೈ ಮುಗೀಬೇಕು ಅನಿಸುತ್ತೆ. ಯಾಕೆ ಅಂತ ಹೇಳ್ತೀನಿ.

ಆಗ ನಮ್ಮ ಕೊಡಗು ಬೇರೆ ರಾಜ್ಯ. 24 ಸೀಟಿನ ನಮ್ಮದೇ ವಿಧಾನಸಭೆ, ಸಿ. ಎಂ. ಪೂಣಚ್ಚ ಮುಖ್ಯಮಂತ್ರಿ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದೆವು. ಇಂಗ್ಲಿಷರ ಕಾಲದಲ್ಲಿ ವೋಟು ಹಾಕೋಕೆ ಆಸ್ತಿಯೋ ಕಂದಾಯವೋ ಇರಬೇಕಿತ್ತು. ತುಂಡು ಭೂಮಿ ಇಲ್ಲದ ನಮ್ಮಂಥವರನ್ನು ಯಾರು ಕೇಳುತ್ತಿದ್ದರು ಹೇಳು.

ಅಜ್ಜಿಗೆ 21 ತುಂಬಿದ್ದು ಎಪ್ಪತ್ತರ ದಶಕದಲ್ಲಿ. ಆಗ 18ಕ್ಕೆ ವೋಟು ಇರಲಿಲ್ಲ, ಅದು ಬಂದಿದ್ದು 1989ರಲ್ಲಿ. ಒಬ್ಬರು ಮೇಷ್ಟ್ರು ಪಟ್ಟಿ ಹಿಡಿದು ಲೈನಿಗೆ ಬಂದರಂತೆ. 'ನನ್ನ ಹೆಂಡ್ತಿ ಅಂತ ಬರ್ಕೊಳ್ಳಿ ಸ್ವಾಮಿ' ಅಂದರು ತಾತ. 'ಹಾಗೆ ಬರೆಯೋ ಹಾಗಿಲ್ಲ, ಅವರೇ ಹೇಳಲಿ' ಅಂದರು ಮೇಷ್ಟ್ರು. ಅಜ್ಜಿ ಒಲೆ ಮುಂದಿನಿಂದ ಎದ್ದು ಬಂದು ತನ್ನ ಹೆಸರು ಹೇಳಿದಳು. ಹೊರಗಿನವರೊಬ್ಬರ ಮುಂದೆ ಹೆಸರು ಹೇಳಿದ್ದು ಅದೇ ಮೊದಲು ಅಂತ ನನಗೆ ಎಷ್ಟು ಸಲ ಹೇಳಿದ್ದಾಳೋ.

ಚುನಾವಣೆಯ ಹಿಂದಿನ ರಾತ್ರಿ ಅವಳು ಹಳೇ ಕ್ಯಾಲೆಂಡರ್ ಹಾಳೆ ಮಡಚಿ ಅಭ್ಯಾಸ ಮಾಡೋದನ್ನು ನಾನೇ ನೋಡಿದ್ದೀನಿ. ಆಗ ಬ್ಯಾಲೆಟ್ ಪೇಪರ್. ಮೊಹರು ಒತ್ತಿ ಮಡಚುವಾಗ ಮಸಿ ಇನ್ನೊಂದು ಗುರುತಿಗೆ ಅಂಟಿದರೆ ವೋಟು ಹಾಳಾದೀತು ಅಂತ ಅವಳಿಗೆ ಭಯ. ಉದ್ದಕ್ಕೆ ಮಡಚೋದು, ಬಿಡಿಸೋದು, ಮತ್ತೆ ಮಡಚೋದು. ಓದು ಬರಹ ಬಾರದ ಕೈ ಅದು. ಅಷ್ಟು ಜೋಪಾನವಾಗಿ ಅವಳು ಬೇರೆ ಯಾವ ಕಾಗದವನ್ನೂ ಹಿಡಿದಿದ್ದು ನಾನು ಕಾಣೆ.

ಬೆಳಿಗ್ಗೆ ಆನೆ ದಾರಿ ಬಿಟ್ಟಿದೆಯಾ ಅಂತ ಕೇಳಿಕೊಂಡು ಹೆಂಗಸರೆಲ್ಲ ಗುಂಪಾಗಿ ಶಾಲೆಗೆ ಹೋಗೋರು. ಆ ದಿನದ ಕೂಲಿ ಹೋಗುತ್ತಿತ್ತು. ವೋಟಿನ ದಿನ ಕೂಲಿಯವರಿಗೂ ಸಂಬಳದ ರಜೆ ಕೊಡಬೇಕು ಅಂತ ಕಾನೂನು ಬಂದಿದ್ದು 1996ರಲ್ಲಿ. ಅದಕ್ಕೂ ಮುಂಚೆ ಕೂಲಿ ಬಿಟ್ಟೇ ಹೋದಳು, ಒಂದು ಸಲವೂ ತಪ್ಪಿಸಲಿಲ್ಲ.

ಬೆರಳಿಗೆ ಹಾಕೋ ಆ ಶಾಯಿ ನೀನು ಓದುತ್ತಿರೋ ಮೈಸೂರಿನದೇ, ಗೊತ್ತಾ? 1962ರಿಂದ ದೇಶಕ್ಕೆಲ್ಲ ಅಲ್ಲಿಂದಲೇ ಹೋಗುತ್ತೆ. ಅಜ್ಜಿ ಆ ಬೆರಳನ್ನು ಸೀಗೆಕಾಯಿಗೆ ಸೋಕಿಸದೆ ತಲೆ ತೊಳೀತಿದ್ದಳು, ಗುರುತು ಇನ್ನೆರಡು ದಿನ ಇರಲಿ ಅಂತ.

ಈಗ ನಮ್ಮ ಲೈನಿನಲ್ಲಿ ಅಸ್ಸಾಮಿನವರು ಜಾಸ್ತಿ. ಅವರ ವೋಟು ಅವರ ಊರಲ್ಲೇ ಉಳಿದಿರುತ್ತೆ. ಚುನಾವಣೆ ದಿನ ಸುಮ್ನೆ ಜಗಲಿ ಮೇಲೆ ಕೂತಿರೋ ಅವರನ್ನು ನೋಡಿದರೆ ಸಂಕಟವಾಗುತ್ತೆ.

ಅಜ್ಜಿ ಹೋದ ಮೇಲೆ ಅವಳ ಹೆಸರು ತೆಗೆಸೋ ಅರ್ಜಿಗೆ ಸಹಿ ಹಾಕಿದ್ದು ನಾನು. ಮಣ್ಣು ಮಾಡಿದ ದಿನಕ್ಕಿಂತ ಅವತ್ತು ಜಾಸ್ತಿ ಅತ್ತೆ. ಇವತ್ತು ಅದೇ ಶಾಲೆಯ ಬೂತಿನ ಪಟ್ಟಿಯಲ್ಲಿ ಅದೇ ಹೆಸರು ಮತ್ತೆ ಬಂದಿದೆ, 18 ವರ್ಷ ಅಂತ. ಅಜ್ಜಿಯದನ್ನು ಅಚ್ಚು ಹಾಕುವಾಗ ಯಾವಾಗಲೂ ಒಂದು ದೀರ್ಘ ತಪ್ಪಿಸೋರು. ನಿನ್ನದನ್ನು ಟೀಚರ್ ಮುಂದೆಯೇ ಬೆರಳಿಟ್ಟು ಓದಿದೆ. ಸರಿಯಾಗಿದೆ.

ನಿನ್ನ ಅಮ್ಮ