ಆ ಕೆನ್ನೆಯ ಮೇಲಿನ ಗುರುತು

ಪುಟ್ಟಿ,

ನೀನು ಹೋಗಿ ನಾಲ್ಕು ದಿನ ಆಯಿತು. ಅವತ್ತು ಯಾರು ಏನಂದರು ಅಂತ ಮತ್ತೆ ಬರೆಯುವುದಿಲ್ಲ, ಇಬ್ಬರಿಗೂ ಗೊತ್ತು. ಬೇರೆ ವಿಷಯ ಹೇಳಬೇಕಿದೆ.

ನೀನು ನಕಲು ಮಾಡಿ ಬಿಟ್ಟುಹೋದ ಇಟಲಿಯ ಚಿತ್ರಕಾರ ರಫೇಲನ ಚಿತ್ರವನ್ನು, ಅದೇ ಯೇಸುವಿನ ಶವ ಹೊತ್ತೊಯ್ಯುವುದನ್ನು, ಸುತ್ತಿ ಕಳಿಸೋಣ ಅಂತ, ಒಣಗಿದೆಯಾ ನೋಡಲು ಮುಟ್ಟಿಬಿಟ್ಟೆ. ಬಲಗಡೆ ಮೂರ್ಛೆ ಹೋಗಿದ್ದಾಳಲ್ಲ ಯೇಸುವಿನ ತಾಯಿ, ಅವಳ ಕೆನ್ನೆಯನ್ನೇ. ಮೇಲೆ ಕೆನೆಗಟ್ಟಿತ್ತು, ಒಳಗೆಲ್ಲ ಹಸಿ. ಈಗ ಅಲ್ಲಿ ನನ್ನ ಹೆಬ್ಬೆರಳಿನ ಗೆರೆಗಳು ಅಚ್ಚೊತ್ತಿವೆ, ಅಡಿಯ ಹಸಿರು ಪದರ ಇಣುಕುತ್ತಿದೆ. ಎಣ್ಣೆ ಬಣ್ಣ ನೀರಿನ ಹಾಗೆ ಆರುವುದಿಲ್ಲ ಅಮ್ಮಾ, ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ ಅಂತ ನೀನು ಎಷ್ಟು ಸಲ ಹೇಳಿದ್ದೆ. ನಾನು ತಲೆಗೆ ಹಾಕಿಕೊಂಡಿರಲಿಲ್ಲ.

ರಾತ್ರಿಯೆಲ್ಲ ಆ ಕೆನ್ನೆಯೇ ಕಣ್ಣಮುಂದೆ. ಆಮೇಲೆ ಓದಿದೆ, ರಫೇಲನಿಂದ ಆ ಚಿತ್ರ ಬರೆಸಿದ್ದೂ ಒಬ್ಬ ತಾಯಿಯಂತೆ. ಇಟಲಿಯ ಪೆರುಜಾ ಊರಿನ ಅಟಲಾಂಟಾ ಬಾಲಿಯೋನಿ, ಮನೆತನದ ಜಗಳದಲ್ಲಿ ಕೊಲೆಯಾದ ಮಗನ ನೆನಪಿಗೆ. ರಫೇಲ್ ಮುಗಿಸಿದ್ದು 1507ರಲ್ಲಿ. ಓದಿದ ಮೇಲೆ ಇನ್ನೂ ಸಂಕಟವಾಯಿತು. ಬೇರೆಲ್ಲೂ ಸಿಗಲಿಲ್ಲವಾ ನನಗೆ ಮುಟ್ಟೋಕೆ?

ಇನ್ನೊಬ್ಬರದ್ದನ್ನು ಕಾಪಿ ಹೊಡೆಯೋಕೆ ಆರು ತಿಂಗಳು ಬೇಕಾ ಅಂದೆನಲ್ಲ, ಅದು ನನ್ನ ತಪ್ಪು. ಆ ತಾಯಿಯನ್ನು ಹಿಡಿಯಲು ಮಂಡಿಯೂರಿ ಮೈ ತಿರುಗಿಸಿರುವ ಹೆಂಗಸಿದ್ದಾಳಲ್ಲ, ಆ ಭಂಗಿಯನ್ನು ರಫೇಲನೇ ಮೈಕೆಲ್ಯಾಂಜೆಲೊ ಬರೆದ ಚಿತ್ರದಿಂದ ತೆಗೆದುಕೊಂಡಿದ್ದಂತೆ. ಯೇಸುವನ್ನು ಹೊತ್ತ ಹುಡುಗ ಹಿಂದಕ್ಕೆ ವಾಲಿರುವುದನ್ನು ನಿನ್ನ ಕ್ಯಾನ್ವಾಸಿನಲ್ಲಿ ಇವತ್ತು ಸರಿಯಾಗಿ ನೋಡಿದೆ. ಆ ತೋಳಿನಲ್ಲಿ ನಿಜವಾಗಿ ಭಾರ ಇದೆ ಕಣೇ. ಹೇಗೆ ತಂದೆ ಅದನ್ನು?

ಮತ್ತೆ, ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮೂಲೆಯಲ್ಲಿ ಮುದ್ದೆ ಮಾಡಿ ಹೋಗಿದ್ದೀಯ. ಅವು ತಮ್ಮಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಗೊತ್ತಲ್ವಾ? ಅಲ್ಲಿ ಒಬ್ಬಳೇ ಇರ್ತೀಯ. ಒಂದೊಂದನ್ನೂ ಬಿಡಿಸಿ ಹೊರಗೆ ಹರವಿ ಒಣಗಿಸು, ಇಲ್ಲಾಂದ್ರೆ ತಗಡಿನ ಡಬ್ಬಿಯಲ್ಲಿ ನೀರು ಹಾಕಿ ಮುಳುಗಿಸಿ ಮುಚ್ಚಳ ಮುಚ್ಚು. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆಗಿ. ಬಣ್ಣದ ಕೈಯಲ್ಲಿ ತಿನ್ನಬೇಡ. ಸುಸ್ತಾಗಿ ಹಾಗೇ ಮಲಗುವ ಅಭ್ಯಾಸ ಬಿಡು, ಮೊದಲು ಬಟ್ಟೆ ನೋಡು, ಆಮೇಲೆ ಮಲಗು. ಇಲ್ಲಿದ್ದವನ್ನು ನಾನೇ ಹರವಿದ್ದೀನಿ.

ಕೆನ್ನೆಯ ಗುರುತನ್ನು ಒರೆಸಿಲ್ಲ. ಒರೆಸಿದರೆ ಅಡಿಯದ್ದೂ ಎದ್ದು ಬಂದರೆ? ಸರಿ ಮಾಡಬಹುದಾ ಅಂತ ಒಂದು ಫೋನ್ ಮಾಡಿ ಹೇಳು.

ಅಮ್ಮ