ಅಪ್ಪಾಜಿ, ರೀಲು ಇನ್ನೂ ಓಡುತ್ತಿದೆ

ಲಂಡನ್
18 ಜನವರಿ 2026

ಅಪ್ಪಾಜಿ, ಅವ್ವ,

ಎಳ್ಳುಬೆಲ್ಲ ಶುಕ್ರವಾರ ಬಂತು. ಸಕ್ಕರೆ ಅಚ್ಚಿನ ಆನೆಗೆ ಸೊಂಡಿಲು ಮುರಿದಿತ್ತು, ಅದನ್ನೇ ಮೊದಲು ತಿಂದೆ. ಇಲ್ಲಿ ನಾಲ್ಕೂವರೆಗೆಲ್ಲ ಕತ್ತಲು. ಕೆಲಸ, ರೂಮು, ಚಳಿ, ಅಷ್ಟೇ. ಅದಕ್ಕೇ ಈ ವರ್ಷ ಬರುವ ಸಿನಿಮಾಗಳನ್ನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ದಿನ ಎಣಿಸುತ್ತಿದ್ದೇನೆ.

ಅಪ್ಪಾಜಿ, ಮೊದಲು ನಿಮಗೆ ಬೇಕಾದ ಸುದ್ದಿ. ಜುಲೈ 17ಕ್ಕೆ ಕ್ರಿಸ್ಟೋಫರ್ ನೋಲನ್ ಅವರ 'ದಿ ಒಡಿಸ್ಸಿ' ಬರುತ್ತೆ. ಯುದ್ಧ ಮುಗಿಸಿ ಮನೆ ಸೇರೋಕೆ ಹತ್ತು ವರ್ಷ ಅಲೆದವನ ಕಥೆ. (ನನಗೆ ವರ್ಷಕ್ಕೊಂದು ಸಲ ರಜ ಸಿಗುತ್ತೆ, ಪರವಾಗಿಲ್ಲ.) ಪೂರ್ತಿ ಸಿನಿಮಾವನ್ನ ಐಮ್ಯಾಕ್ಸ್ ಅನ್ನೋ, ಭಾರೀ ದೊಡ್ಡ ತೆರೆಗೆ ಅಂತಲೇ ಮಾಡಿದ ಫಿಲ್ಮ್ ಕ್ಯಾಮೆರಾದಲ್ಲೇ ತೆಗೆದಿದ್ದಾರೆ. ಫಿಲ್ಮ್ ಅಂದ್ರೆ ನಿಜವಾದ ಫಿಲ್ಮು, ನೀವು ಬೆರಳಲ್ಲಿ ಹಿಡಿದು ಬೆಳಕಿಗೆ ತೋರಿಸುತ್ತಿದ್ದಿರಲ್ಲ, ಅದೇ. ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸೋ ಆಪರೇಟರ್ ಕೆಲಸ ಹೋದಾಗ 'ರೀಲಿನ ಕಾಲ ಮುಗೀತು' ಅಂದಿದ್ರಿ. ಮುಗಿದಿಲ್ಲ.

ನಿಮ್ಮ ಫಿಲ್ಮಿನ ಅಗಲ 35 ಎಂ.ಎಂ., ಒಂದೊಂದು ಚಿತ್ರಕ್ಕೆ, ಅಂದ್ರೆ ಫ್ರೇಮಿಗೆ, ಅಂಚಲ್ಲಿ ನಾಲ್ಕು ತೂತು. ಇದು 70 ಎಂ.ಎಂ., ಫ್ರೇಮಿಗೆ ಹದಿನೈದು ತೂತು. ಮೇಲಿಂದ ಕೆಳಗೂ ಓಡಲ್ಲ, ಅಡ್ಡಡ್ಡ ಓಡುತ್ತೆ! 2023ರಲ್ಲಿ ಅವರ 'ಓಪನ್‌ಹೈಮರ್' ಪ್ರಿಂಟು ಸುಮಾರು 11 ಮೈಲಿ ಉದ್ದ, 270 ಕೆ.ಜಿ. ತೂಕ ಇತ್ತು. ಮಂಡ್ಯದಿಂದ ಬಿಚ್ಚುತ್ತಾ ಹೋದ್ರೆ ಹೆಚ್ಚುಕಮ್ಮಿ ಮದ್ದೂರು ಬಂತು. ಎರಡು ಡಬ್ಬ ಹೊತ್ತು ಮೆಟ್ಟಿಲು ಹತ್ತಿಯೇ ನಿಮ್ಮ ಸೊಂಟ ಹೋಯ್ತು, ಇದನ್ನ ಹೊರೋರು ಯಾರೋ ಕಾಣೆ.

ಆ ಸಿನಿಮಾನ ಇಲ್ಲಿ ವಾಟರ್‌ಲೂ ಹತ್ತಿರದ ಐಮ್ಯಾಕ್ಸಿನಲ್ಲಿ ನೋಡಿದೆ. ಎಲ್ಲರೂ ತೆರೆ ನೋಡ್ತಿದ್ರೆ ನಾನು ಹಿಂದೆ ತಿರುಗಿ ಆಪರೇಟರ್ ಕಿಂಡಿ ನೋಡ್ತಿದ್ದೆ. ಪಕ್ಕದವರು ನನ್ನನ್ನ ವಿಚಿತ್ರವಾಗಿ ನೋಡಿದರು. ರೀಲು ಮುಗೀತಾ ಬಂತು ಅಂತ ಆಪರೇಟರಿಗೆ ಹೇಳೋ ಚುಕ್ಕೆ ತೆರೆಯ ಮೇಲಿನ ಬಲಮೂಲೆಯಲ್ಲಿ ಮಿನುಗುತ್ತಾ ಅಂತ ಕಾದೆ. ಮಿನುಗಲೇ ಇಲ್ಲ. ಮೊದಲ ಚುಕ್ಕೆಗೆ ಎರಡನೇ ಪ್ರೊಜೆಕ್ಟರ್ ಮೋಟಾರು ಆನ್ ಮಾಡಿ, ಎರಡನೇ ಚುಕ್ಕೆಗೆ ಅದಕ್ಕೆ ಬದಲಾಯಿಸೋದು, ಅಷ್ಟರೊಳಗೆ ಬೀಡಿನೂ ಎಳೀತಿದ್ರಿ ನೀವು. ಇಲ್ಲಿ ಇಡೀ ಸಿನಿಮಾ ಒಂದೇ ದೊಡ್ಡ ತಟ್ಟೆಯ ಮೇಲೆ ಸುತ್ತಿಟ್ಟಿರುತ್ತಾರೆ. ಬೀಡಿಗೆ ಪುರುಸೊತ್ತು ಜಾಸ್ತಿ.

'ಒಡಿಸ್ಸಿ'ಯ 70 ಎಂ.ಎಂ. ಟಿಕೆಟ್‌ಗಳನ್ನ ಕೆಲವು ಊರುಗಳಲ್ಲಿ ಒಂದು ವರ್ಷ ಮುಂಚೆಯೇ, ಕಳೆದ ಜುಲೈ 17ಕ್ಕೇ ಮಾರಿದರು. ಫೋನ್ ಹಿಡ್ಕೊಂಡು ಕೂತೇ ಇದ್ದೆ, ಒಂದೇ ಒಂದು ಸಿಕ್ಕಿತು. ಎರಡು ಸಿಕ್ಕಿದ್ರೆ ನಿಮ್ಮ ಪಾಸ್‌ಪೋರ್ಟ್ ಮಾಡಿಸುತ್ತಿದ್ದೆ.

ಅವ್ವ, ಈಗ ನಿನ್ನ ವಿಷಯ. ಯಶ್ ಅವರ 'ಟಾಕ್ಸಿಕ್' ಯುಗಾದಿಗೆ, ಮಾರ್ಚ್ 19ಕ್ಕೆ ಅಂತ ಹೇಳಿದ್ದಾರೆ. ಗೀತು ಮೋಹನ್‌ದಾಸ್ ನಿರ್ದೇಶನ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬೇರೆಬೇರೆಯಾಗಿಯೇ ಶೂಟಿಂಗ್ ಮಾಡಿದ್ದಾರಂತೆ, ತುಟಿ ಒಂದು ಕಡೆ ಮಾತು ಒಂದು ಕಡೆ ಆಗೋ ಕಾಟ ಇರಲ್ಲ. ಅದನ್ನ ನಾನು ಇಲ್ಲೇ ನೋಡ್ತೀನಿ, ನೀವು ಅಲ್ಲಿ ನೋಡಿ.

ಆದರೆ ದೀಪಾವಳಿಗೆ ಬರೋ ನಿತೇಶ್ ತಿವಾರಿ ಅವರ 'ರಾಮಾಯಣ' ಮಾತ್ರ ಒಟ್ಟಿಗೇ ನೋಡಬೇಕು. ರಣಬೀರ್ ಕಪೂರ್ ರಾಮ, ಸಾಯಿ ಪಲ್ಲವಿ ಸೀತೆ, ಯಶ್ ರಾವಣ. ಎರಡನೇ ಭಾಗ 2027ರ ದೀಪಾವಳಿಗಂತೆ. 'ಮೈಸೂರಲ್ಲಿ ಬೆಳೆದ ಹುಡುಗ, ರಾವಣನ ಪಾರ್ಟ್ ಯಾಕೆ ಒಪ್ಕೊಂಡ?' ಅಂತ ಫೋನಲ್ಲಿ ಬೇಜಾರು ಮಾಡ್ಕೊಂಡೆಯಲ್ಲ, 1958ರ 'ಭೂಕೈಲಾಸ'ದಲ್ಲಿ ಅಣ್ಣಾವ್ರು ಯಾರಾಗಿದ್ರು, ಅಪ್ಪಾಜಿಯನ್ನ ಕೇಳು. 1983ರ 'ಭಕ್ತ ಪ್ರಹ್ಲಾದ'ದಲ್ಲಿ ಹಿರಣ್ಯಕಶಿಪು ಆಗಿದ್ದೂ ಅವರೇ ಅಲ್ವಾ? ನನಗಂತೂ ರಾಮನಿಗಿಂತ ರಾವಣನ ಮೇಲೇ ಆಸೆ.

ತಮ್ಮನಿಗೆ ಹೇಳಿ, ಡಿಸೆಂಬರಿನ 'ಅವೆಂಜರ್ಸ್' ಅವನಿಗೇ ಇರಲಿ. ಆದರೆ ಮೊಬೈಲಿಗೆ ಬಂದ ಕಳ್ಳ ಕಾಪಿ ಹಾಕಿ ಅಪ್ಪಾಜಿಗೆ 'ರಾಮಾಯಣ' ತೋರಿಸಿದ್ರೆ ಕಾಲು ಮುರೀತೀನಿ.

ದೀಪಾವಳಿಗೆ ರಜ ಕೇಳಿದ್ದೇನೆ. ಮೈಸೂರಿಗೇ ಹೋಗೋಣ, ದೊಡ್ಡ ತೆರೆ ಇರೋ ಕಡೆ. ಅಪ್ಪಾಜಿ, ಅಷ್ಟು ವರ್ಷ ಕಿಂಡಿಯಿಂದ ನೋಡಿದ್ರಿ. ಯಾವ ಸಿನಿಮಾನೂ ಸೀಟಲ್ಲಿ ಕೂತು ಮೊದಲಿಂದ ಕೊನೆವರೆಗೆ ನೋಡಿಲ್ಲ ಅಂತ ನೀವೇ ಹೇಳ್ತೀರ. ಟಿಕೆಟ್ ನಾನು ತೆಗೀತೀನಿ. ಇಂಟರ್ವಲ್‌ನಲ್ಲಿ ಎದ್ದು ಆಪರೇಟರ್ ರೂಮ್ ಹುಡುಕಿಕೊಂಡು ಹೋಗೋ ಹಾಗಿಲ್ಲ, ಈಗಲೇ ಹೇಳಿದ್ದೇನೆ.

ನಿಮ್ಮ ಮಗಳು