ಮಂಡಕಳ್ಳಿಯ ರನ್‌ವೇಗೆ ಒಂದು ದಿನಾಂಕ ಕೊಡಿ

ಮಾನ್ಯ ಮೂಲಸೌಲಭ್ಯ ಅಭಿವೃದ್ಧಿ ಸಚಿವರಿಗೆ,

ನಮಸ್ಕಾರಗಳು.

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ 1,740 ಮೀಟರ್ ಇದೆ, 2,750 ಮೀಟರ್ ಆಗಬೇಕು ಎಂಬುದು ತಮಗೆ ಬಾಯಿಪಾಠವಾಗಿರುತ್ತದೆ. ಭೂಮಿ ಕೊಡಬೇಕಾದವರು ಯಾರು, ಕಟ್ಟಬೇಕಾದವರು ಯಾರು ಎಂಬುದನ್ನೂ ನಾನು ಹೇಳಿಕೊಡಬೇಕಾಗಿಲ್ಲ. ಹಾಗಾಗಿ ನೇರವಾಗಿ ಕೇಳುತ್ತೇನೆ. ರನ್‌ವೇ ಎಂದು ಉದ್ದವಾಗುತ್ತದೆ? ದಿನಾಂಕ ಹೇಳಿ.

ಇಷ್ಟು ವರ್ಷ ಸುಮ್ಮನಿದ್ದ ನನ್ನನ್ನು ಪತ್ರಕ್ಕೆ ಕೂರಿಸಿದ್ದು ಒಂದು ಚಿಪ್ಪು ರಸಬಾಳೆ. ಹೈದರಾಬಾದಿನಲ್ಲಿರುವ ನನ್ನ ಅಕ್ಕನಿಗೆ ಹೃದಯದ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು. 'ಬರುವಾಗ ನಂಜನಗೂಡಿನ ರಸಬಾಳೆ ತಾ, ಆಪರೇಷನ್‌ಗೆ ಮೊದಲು ನಿನ್ನ ಮುಖ ನೋಡಬೇಕು' ಎಂದಿದ್ದಳು. ಹಿಂದಿನ ದಿನದ ವಿಮಾನಕ್ಕೆ ನಾನೂ ನನ್ನ ಹೆಂಡತಿಯೂ ಹೊರಟೆವು. ಭದ್ರತಾ ತಪಾಸಣೆ ಮುಗಿಸಿ ಬೆಲ್ಟ್ ಸಿಕ್ಕಿಸಿಕೊಳ್ಳುತ್ತಿದ್ದಾಗ ಮೊಬೈಲ್‌ಗೆ ಸಂದೇಶ ಬಂತು: ಕಾರ್ಯಾಚರಣೆಯ ಕಾರಣಗಳಿಂದ ವಿಮಾನ ರದ್ದು. ಕೌಂಟರಿನ ಹುಡುಗ ಪಾಪ, ಬೋರ್ಡಿಂಗ್ ಪಾಸಿನ ಹಿಂದೆಯೇ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುವ ಫ್ಲೈಬಸ್ಸಿನ ವೇಳೆ ಬರೆದುಕೊಟ್ಟ. 'ದೊಡ್ಡ ವಿಮಾನ ಇಲ್ಲಿ ಇಳಿಯುವುದಿಲ್ಲ ಸರ್, ಇದ್ದ ಚಿಕ್ಕದು ಬಂದಿಲ್ಲ' ಎಂದ. ಸತ್ಯವನ್ನು ಇಷ್ಟು ಚುಟುಕಾಗಿ ಯಾವ ಅಧಿಕಾರಿಯೂ ನನಗೆ ಹೇಳಿರಲಿಲ್ಲ.

ಪೆಟ್ಟಿಗೆ ಎಳೆದುಕೊಂಡು ನಂಜನಗೂಡು ರಸ್ತೆಗೆ ನಡೆದೆವು. ಮೊದಲ ಬಸ್ ತುಂಬಿತ್ತು, ಎರಡನೆಯದರಲ್ಲಿ ನಿಂತೆವು. ನನ್ನ ಮಂಡಿಗೆ ಅರವತ್ತೆಂಟು ವರ್ಷ. ನಗರದಿಂದ ಫ್ಲೈಬಸ್ ಹಿಡಿದು ನಾಲ್ಕು ಗಂಟೆಗೂ ಮೀರಿದ ಪ್ರಯಾಣ, ದೇವನಹಳ್ಳಿಯಲ್ಲಿ ಕುರ್ಚಿಯ ಮೇಲೆ ರಾತ್ರಿ, ಬೆಳಿಗ್ಗೆ ಇನ್ನೊಂದು ಟಿಕೆಟ್. ನಾವು ತಲುಪುವಷ್ಟರಲ್ಲಿ ಅಕ್ಕನನ್ನು ಒಳಗೆ ಕರೆದೊಯ್ದಾಗಿತ್ತು. ರಸಬಾಳೆಯ ತೆಳು ಸಿಪ್ಪೆ ಕಪ್ಪಾಗಿ ಒಡೆದು ಚೀಲವೆಲ್ಲ ಅಂಟಾಗಿತ್ತು. ಈಗ ಅಕ್ಕ ಚೇತರಿಸಿಕೊಂಡಿದ್ದಾಳೆ, ದೇವರು ದೊಡ್ಡವನು. ಆದರೆ ಎಲ್ಲವನ್ನೂ ದೇವರ ಮೇಲೆ ಹಾಕುವುದಾದರೆ ತಮ್ಮ ಇಲಾಖೆ ಏಕೆ?

ಮಹಾರಾಜರ ಕಾಲದಲ್ಲಿ, 1940ರ ದಶಕದಲ್ಲಿ, ಈ ಊರಿಗೆ ವಿಮಾನ ನಿಲ್ದಾಣ ಬೇಕೆಂದು ಹೊಳೆದಿತ್ತು. ಆಮೇಲಿನ ನಮ್ಮವರಿಗೆ ಹೊಸ ಕಟ್ಟಡ ಉದ್ಘಾಟಿಸಲು 2010 ಬರಬೇಕಾಯಿತು. ಆ ವರ್ಷ ಕಿಂಗ್‌ಫಿಷರ್ ಬಂತು, ಮರುವರ್ಷ ಹೋಯಿತು. 2013ರಲ್ಲಿ ಸ್ಪೈಸ್‌ಜೆಟ್ ಬಂತು, 2014ರಲ್ಲಿ ಹೋಯಿತು. 2017ರಲ್ಲಿ ಕೇಂದ್ರದ ಉಡಾನ್ ಯೋಜನೆಯಡಿ ಚೆನ್ನೈಗೆ ಹಾರಿದ ಟ್ರೂಜೆಟ್ ಈಗ ಎಲ್ಲಿಯೂ ಹಾರುತ್ತಿಲ್ಲ. ಪ್ರತಿ ಸಲವೂ ಹೊಸ ಸೊಸೆಯಂತೆ ಆರತಿ ಎತ್ತಿ ಒಳಗೆ ಕರೆದುಕೊಂಡೆವು. ತವರಿಗೆ ಹೋದವಳು ಮರಳಲಿಲ್ಲ. ಮನೆಯೇ ಇಕ್ಕಟ್ಟಾಗಿದ್ದರೆ ಸೊಸೆಯನ್ನು ಬೈದು ಏನು ಫಲ? ಎಪ್ಪತ್ತು ಚಿಲ್ಲರೆ ಆಸನಗಳ ಎಟಿಆರ್‌ನಂಥ ಚಿಕ್ಕ ವಿಮಾನ ಬಿಟ್ಟರೆ ದೊಡ್ಡ ಪ್ರಯಾಣಿಕ ವಿಮಾನ ಇಳಿಯದ ಕಡೆ, ಉಡಾನ್‌ನ ಮೂರು ವರ್ಷದ ಸಹಾಯಧನ ಮುಗಿದ ಮೇಲೆ ಯಾರು ನಿಲ್ಲುತ್ತಾರೆ?

ಪಕ್ಕದಲ್ಲಿ ಹೆದ್ದಾರಿ, ಅದರಾಚೆ ರೈಲು ಹಳಿ. ಅವನ್ನು ದಾಟಿ ರನ್‌ವೇ ಉದ್ದ ಮಾಡುವುದು ಕಷ್ಟವೇ, ಒಪ್ಪುತ್ತೇನೆ. ಒಮ್ಮೆ ಹೆದ್ದಾರಿಗೆ ಕೆಳಸೇತುವೆ ಎಂದಿರಿ, ಇನ್ನೊಮ್ಮೆ ಹೆದ್ದಾರಿಯನ್ನೇ ತಿರುಗಿಸೋಣ ಎಂದಿರಿ. ರಸ್ತೆ ಇನ್ನೂ ಇದ್ದಲ್ಲೇ ಇದೆ, ತಿರುಗುತ್ತಿರುವುದು ಕಡತ ಮಾತ್ರ. 'ಬೆಂಗಳೂರಿಗೆ ದಶಪಥ ಹೆದ್ದಾರಿ ಆಯಿತಲ್ಲ, ಇನ್ನು ವಿಮಾನ ಏಕೆ?' ಎಂದು ಕೇಳುವವರಿದ್ದಾರೆ. 2023ರಲ್ಲಿ ಆದ ಆ ರಸ್ತೆ ಬೆಂಗಳೂರಿನ ಈ ತುದಿಗೆ ಮುಟ್ಟಿಸುತ್ತದೆ. ದೇವನಹಳ್ಳಿ ಇರುವುದು ಆ ತುದಿಯಲ್ಲಿ. ನಡುವಿನ ಬೆಂಗಳೂರನ್ನು ದಾಟುವುದು ಹೇಗೆಂದು ಸೈರನ್ ಇರುವ ಕಾರಿನಲ್ಲಿ ಕೂತವರಿಗೆ ತಿಳಿಯದು. ಮಾತು ಒರಟಾಯಿತು, ಕ್ಷಮಿಸಿ.

ನನಗೆ ಹೊಸ ಟರ್ಮಿನಲ್ಲಿನ ಚಿತ್ರ ಬೇಡ, 'ಅಂತರರಾಷ್ಟ್ರೀಯ ದರ್ಜೆ' ಎಂಬ ಮಾತೂ ಬೇಡ. ಭೂಮಿ ಪೂರ್ತಿಯಾಗಿ ಹಸ್ತಾಂತರವಾಗುವ ದಿನಾಂಕ, ರಸ್ತೆಯ ಕೆಲಸ ಶುರುವಾಗುವ ದಿನಾಂಕ, ರನ್‌ವೇ ಮುಗಿಯುವ ದಿನಾಂಕ, ಈ ಮೂರನ್ನು ಬರೆದು ಕೊಡಿ. ಶೀಘ್ರದಲ್ಲೇ ಎಂದು ಮಾತ್ರ ಬರೆಯಬೇಡಿ. ನನ್ನ ಬಳಿ ಇರುವ ಕ್ಯಾಲೆಂಡರಿನಲ್ಲಿ ಆ ತಾರೀಖು ಇಲ್ಲ.

ಇಂತಿ,
ಜೆ.ಪಿ. ನಗರದ ಒಬ್ಬ ನಿವೃತ್ತ ಗುಮಾಸ್ತ, ಮೈಸೂರು